‘ಕಾಣಲಿಲ್ಲ’ ಬೇರೆ, ‘ಇಲ್ಲ’ ಬೇರೆ

ಇಂಟರ್ನ್‌ಶಿಪ್ ಎಲ್ಲಿ ಸಿಕ್ತು ಅಂತ ಅತ್ತೆ ಕೇಳಿದ್ರು. "ಎನ್‌ಡಿಟಿ ಮಾಡೋ ಒಂದು ಕಂಪನೀಲಿ" ಅಂದೆ. "ಓ, ಟೀವೀಲಿ ಬರ್ತೀಯಾ ಹಾಗಾದ್ರೆ!" ಅಂತ ಖುಷಿಪಟ್ಟರು. ನಮ್ಮ ಹಾಸ್ಟೆಲಿನಲ್ಲೂ ಅರ್ಧ ಜನ ಹಾಗೇ ಅಂದುಕೊಂಡಿದ್ದರು. ಆದ್ದರಿಂದ ಮೊದಲು ಅದನ್ನೇ ಹೇಳಿಬಿಡ್ತೀನಿ.

ಎನ್‌ಡಿಟಿ ಅಂದರೆ ನಾನ್ ಡಿಸ್ಟ್ರಕ್ಟಿವ್ ಟೆಸ್ಟಿಂಗ್. ಒಂದು ವಸ್ತುವನ್ನ ಕತ್ತರಿಸದೆ, ಮುರಿಯದೆ ಅದರ ಒಳಗೆ ಏನಾಗಿದೆ ಅಂತ ತಿಳಿದುಕೊಳ್ಳೋ ವಿದ್ಯೆ. ನಾವೆಲ್ಲ ಲ್ಯಾಬಿನಲ್ಲಿ ಕಬ್ಬಿಣದ ಸರಳನ್ನ ಯುಟಿಎಂ ಮೆಷಿನ್ನಿಗೆ ಕಚ್ಚಿಸಿ ಎಳೆದು ತುಂಡು ಮಾಡಿದ್ದೀವಲ್ಲ, ಅದಕ್ಕೆ ತದ್ವಿರುದ್ಧ. ಲ್ಯಾಬಿನಲ್ಲಿ ಆ ಸರಳಿನ ಬಗ್ಗೆ ಎಲ್ಲವೂ ಗೊತ್ತಾಗುತ್ತೆ, ಆದರೆ ಗೊತ್ತಾಗುವ ಹೊತ್ತಿಗೆ ಸರಳೇ ಉಳಿದಿರಲ್ಲ. ಓಡುತ್ತಿರುವ ಬಾಯ್ಲರನ್ನ, ಸೇತುವೆಯನ್ನ, ರೈಲು ಹಳಿಯನ್ನ ಹಾಗೆ ಪರೀಕ್ಷೆ ಮಾಡೋಕಾಗಲ್ಲ.

ಅತ್ತೆಗೆ ಸುಲಭವಾಗಿ ಹೇಳಿದೆ: "ಸಂತೇಲಿ ಮಡಕೆ ತಗೊಳ್ಳುವಾಗ ಬೆರಳಿಂದ ತಟ್ಟಿ ಸದ್ದು ಕೇಳ್ತೀರಲ್ಲ, ಅದೇ ಕೆಲಸ." ತಕ್ಷಣ ಅರ್ಥವಾಯ್ತು. "ಅದಕ್ಕೆ ನಾಲ್ಕು ವರ್ಷ ಬಿ.ಇ. ಯಾಕೆ ಬೇಕು?" ಅಂದ್ರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ವಾರದ ಇಂಟರ್ನ್‌ಶಿಪ್ ಮುಗಿದ ಮೇಲೆ ಒಂದು ಸಣ್ಣ ಉತ್ತರ ಸಿಕ್ಕಿದೆ.

ಈ ವಿದ್ಯೆಯಲ್ಲಿ ಹಲವು ವಿಧಾನಗಳಿವೆ. ಬಣ್ಣದ ದ್ರವ ಹಚ್ಚಿ ಒರೆಸಿದರೆ ಬಿರುಕಿನೊಳಗೆ ಇಳಿದ ಬಣ್ಣ ಉಳಿದುಕೊಳ್ಳುತ್ತೆ. ಮೇಲೆ ಬಿಳಿ ಪುಡಿ ಸಿಂಪಡಿಸಿದಾಗ ಅದು ಹೊರಗೆ ಹೀರಿಕೊಂಡು ಕೆಂಪು ಗೆರೆಯಾಗಿ ಕಾಣುತ್ತೆ. ಇದು ಡೈ ಪೆನೆಟ್ರೆಂಟ್. ಉಕ್ಕನ್ನ ಆಯಸ್ಕಾಂತ ಮಾಡಿ ಕಬ್ಬಿಣದ ಪುಡಿ ಚೆಲ್ಲಿದರೆ ಬಿರುಕಿರೋ ಕಡೆ ಪುಡಿ ಗುಂಪುಗೂಡುತ್ತೆ. ಇದು ಮ್ಯಾಗ್ನೆಟಿಕ್ ಪಾರ್ಟಿಕಲ್. ಎಕ್ಸ್‌ರೇ ನಿಮಗೆ ಗೊತ್ತೇ ಇದೆ. ನಾನು ಹೆಚ್ಚು ದಿನ ಜೊತೆಗಿದ್ದದ್ದು ಅಲ್ಟ್ರಾಸೋನಿಕ್ ಜೊತೆ, ಅಂದರೆ ನಮ್ಮ ಕಿವಿಗೆ ಕೇಳದ ಶಬ್ದ. ಅಳೆಯುವ ಪುಟ್ಟ ಮೂತಿಗೆ ಪ್ರೋಬ್ ಅಂತಾರೆ. ಪ್ರೋಬು ಕಳಿಸಿದ ಶಬ್ದ ಲೋಹದ ಆ ಬದಿಗೆ ತಾಗಿ ಪ್ರತಿಧ್ವನಿಯಾಗಿ ವಾಪಸ್ ಬರುತ್ತೆ. ಉಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. 4 ಮಿ.ಮೀ. ದಪ್ಪದ ಟ್ಯೂಬಿನಲ್ಲಿ ಹೋಗಿ ಬರೋಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಸಾಕು. ಆ ಹೊತ್ತನ್ನ ಅಳೆದು ಮೀಟರು ದಪ್ಪ ಎಷ್ಟು ಅಂತ ತೋರಿಸುತ್ತೆ. ಪ್ರೋಬಿಗೂ ಲೋಹಕ್ಕೂ ನಡುವೆ ಒಂದಿಷ್ಟು ಗಾಳಿ ಇದ್ದರೂ ಶಬ್ದ ಒಳಗೇ ಹೋಗಲ್ಲ. ಅದಕ್ಕೇ ಜೆಲ್ ಹಚ್ಚಬೇಕು, ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡುವಾಗ ಹಚ್ಚೋ ಹಾಗೆ.

ನನ್ನನ್ನ ಕಳಿಸಿದ್ದು ಉತ್ತರ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆಗೆ. ಕಬ್ಬು ಅರೆಯೋ ಹಂಗಾಮು ಶುರುವಾಗೋಕೆ ಇನ್ನೂ ಕೆಲವು ವಾರ ಇತ್ತು. ಹಂಗಾಮು ಮುಗಿದ ಮೇಲೆ ಮಿಲ್ಲು, ಬಾಯ್ಲರು ಎಲ್ಲ ಬಿಚ್ಚಿ ರಿಪೇರಿ ಮಾಡಿ, ಪರೀಕ್ಷೆ ಮಾಡಿಸಿ, ಸರಕಾರದ ಬಾಯ್ಲರ್ ಇನ್ಸ್‌ಪೆಕ್ಟರಿಂದ ಸರ್ಟಿಫಿಕೇಟು ತಗೊಂಡು ಮತ್ತೆ ಬೆಂಕಿ ಹಾಕೋದು ಅಲ್ಲಿಯ ಪ್ರತಿ ವರ್ಷದ ಪದ್ಧತಿ. ಆ ಬಾಯ್ಲರಿನ ಒತ್ತಡ ಚದರ ಸೆಂಟಿಮೀಟರಿಗೆ 67 ಕೆ.ಜಿ. ನಮ್ಮ ಬೈಕಿನ ಟೈರಿನಲ್ಲಿರೋದು ಎರಡು, ಎರಡೂವರೆ. ಅಷ್ಟು ಒತ್ತಡವನ್ನ ಹಿಡಿದಿಟ್ಟುಕೊಳ್ಳೋದು ಹೊಸದರಲ್ಲಿ 4.5 ಮಿ.ಮೀ. ದಪ್ಪ ಇದ್ದ ಟ್ಯೂಬಿನ ಗೋಡೆ. ಉರಿಯೋದು ಕಬ್ಬಿನ ಸಿಪ್ಪೆ. ಅದರ ಜೊತೆ ಹೊಲದ ಮಣ್ಣು, ಮರಳೂ ಬರುತ್ತೆ. ಬಿಸಿ ಗಾಳಿಯ ಜೊತೆ ಆ ಮರಳು ಓಡಾಡಿ ಟ್ಯೂಬುಗಳನ್ನ ಉಜ್ಜುತ್ತಾ ಹೋಗುತ್ತೆ. ಎಷ್ಟು ಸವೆದಿದೆ ಅಂತ ಅಳೆಯೋದೇ ನಮ್ಮ ಕೆಲಸ.

ನಮ್ಮ ಸರ್ ಡಿಪ್ಲೊಮಾ ಓದಿದವರು, ಲೆವೆಲ್ 2 ಪರೀಕ್ಷಕರು. ಈ ಕ್ಷೇತ್ರದಲ್ಲಿ ಮೂರು ಹಂತ. ಲೆವೆಲ್ 1 ಇದ್ದವರು ಹೇಳಿದ ಹಾಗೆ ಪರೀಕ್ಷೆ ಮಾಡಬಹುದು. ಫಲಿತಾಂಶಕ್ಕೆ ಅರ್ಥ ಹೇಳಿ ವರದಿಗೆ ಸಹಿ ಹಾಕೋಕೆ ಲೆವೆಲ್ 2 ಬೇಕು. ಪದ್ಧತಿಗಳನ್ನ ರೂಪಿಸೋದು, ಕೆಳಗಿನವರಿಗೆ ಕಲಿಸಿ ಪರೀಕ್ಷೆ ಮಾಡೋದು ಲೆವೆಲ್ 3. ಯಂತ್ರಕ್ಕೆ ಕ್ಯಾಲಿಬ್ರೇಶನ್ ಇರೋ ಹಾಗೆ ಇವರ ಕಣ್ಣಿಗೂ ವರ್ಷಕ್ಕೊಮ್ಮೆ ಪರೀಕ್ಷೆ. ಸಣ್ಣ ಅಕ್ಷರ ಓದೋಕೆ ಬರದಿದ್ದರೆ ಪರೀಕ್ಷೆ ಮಾಡೋ ಹಾಗಿಲ್ಲ.

ಬಾಯ್ಲರಿನ ಫರ್ನೇಸಿನೊಳಗೆ ಮ್ಯಾನ್‌ಹೋಲಿಂದ ತೂರಿ ಹೋಗಬೇಕು. ಒಳಗೆ 24 ವೋಲ್ಟಿನ ಹ್ಯಾಂಡ್‌ಲ್ಯಾಂಪು ಬಿಟ್ಟರೆ ಬೆಳಕಿಲ್ಲ. ಬೂದಿ ಮೂಗಿನೊಳಗೇ ಕೂತುಬಿಡುತ್ತೆ. ಸರ್ ಸ್ಕ್ಯಾಫೋಲ್ಡಿಂಗ್ ಮೇಲೆ ನಿಂತು ಟ್ಯೂಬಿನ ನಂಬರು, ದಪ್ಪ ಕೂಗಿ ಹೇಳೋದು, ನಾನು ಕೆಳಗೆ ಕೂತು ಶೀಟಿನಲ್ಲಿ ಬರೆದುಕೊಳ್ಳೋದು. "ನಾಲ್ಕು ಪಾಯಿಂಟ್ ಒಂದು." "ನಾಲ್ಕು." "ನಾಲ್ಕು ಪಾಯಿಂಟ್ ಒಂದು." ಮೂರು ದಿನ ಇದೇ ಮಂತ್ರ. ನಡುನಡುವೆ ಅವರು ಇಳಿದು ಬಂದು, ದಪ್ಪ ಮೊದಲೇ ಗೊತ್ತಿರುವ ಮೆಟ್ಟಿಲು ಮೆಟ್ಟಿಲಾದ ಉಕ್ಕಿನ ತುಂಡಿನ ಮೇಲೆ ಮೀಟರು ಸರಿಯಾಗಿದೆಯಾ ಅಂತ ನೋಡುತ್ತಿದ್ದರು. ಯಾಕೆ ಅಂದರೆ ಮೀಟರು ಕೆಲವೊಮ್ಮೆ ಮೋಸ ಮಾಡುತ್ತೆ. ಟ್ಯೂಬು ತೀರಾ ತೆಳ್ಳಗಾಗಿದ್ದರೆ ಮೊದಲನೇ ಪ್ರತಿಧ್ವನಿಯನ್ನ ಬಿಟ್ಟು ಎರಡನೆಯದನ್ನ ಹಿಡಿದು, ಇರೋದರ ಎರಡರಷ್ಟು ತೋರಿಸಿಬಿಡಬಹುದು. ಅಂದರೆ ಎಲ್ಲಿ ಅಪಾಯ ಜಾಸ್ತಿಯೋ ಅಲ್ಲೇ ನಂಬರು ಚೆನ್ನಾಗಿ ಕಾಣೋ ಸಾಧ್ಯತೆ ಇದೆ!

ಮೂರನೇ ದಿನ ಸಂಜೆ ಮೇಲ್ಗಡೆ ಎಡಮೂಲೆಯ 11 ಟ್ಯೂಬು ಉಳಿದವು. ಸ್ಕ್ಯಾಫೋಲ್ಡಿಂಗ್ ಅಲ್ಲಿಯವರೆಗೆ ಎಟುಕುತ್ತಿರಲಿಲ್ಲ. ಅದನ್ನ ಕಟ್ಟಿದ ಹುಡುಗರು ಬೇರೆ ಕೆಲಸಕ್ಕೆ ಹೋಗಿಯಾಗಿತ್ತು. ಹೈಡ್ರೋ ಟೆಸ್ಟಿಗೆ ದಿನ ಗೊತ್ತಾಗಿತ್ತು. ಕಾರ್ಖಾನೆಯ ಸೂಪರ್‌ವೈಸರು ಕೆಟ್ಟ ಮನುಷ್ಯ ಅಲ್ಲ, ಮೂರೂ ದಿನ ನಮಗೆ ತಾವೇ ಚಹಾ ತಂದುಕೊಟ್ಟವರು. ಶೀಟು ನೋಡಿ ಅಂದರು: "ಸಾಹೇಬ್ರ, ಬಾಜೂಕಿನ ಟ್ಯೂಬ್ ಎಲ್ಲಾ ನಾಕು, ನಾಕು ಪಾಯಿಂಟ್ ಒಂದು ಐತಿ. ಅದನ್ನೇ ಹಾಕ್ಕೊಂಡು ಮುಗಸ್ರಲಾ. ಏನಾಗತೈತಿ?"

ಪೆನ್ನು ನನ್ನ ಕೈಯಲ್ಲೇ ಇತ್ತು. ಸರ್ ನನ್ನ ಕಡೆ ತಿರುಗಿ ಅಂದರು: "ನಂಬರ್ ಬರೀಬ್ಯಾಡಪಾ. ಆ ಹನ್ನೊಂದಕ್ಕೂ ಗೆರಿ ಎಳದು, ಅಳದಿಲ್ಲ ಅಂತ ಬರಿ." ಆಮೇಲೆ ಸೂಪರ್‌ವೈಸರಿಗೆ: "ನಾಳಿ ಸ್ಕ್ಯಾಫೋಲ್ಡಿಂಗ್ ಎತ್ತರಿಸ್ರಿ, ಅಳದು ಕೊಡ್ತೀನಿ. ಇಲ್ಲಾಂದ್ರ ವರದಿ ಹಿಂಗ ಹೋಗತೈತಿ." ಸ್ವಲ್ಪ ಮಾತು ಬೆಳೀತು. ಮ್ಯಾನೇಜರ ತನಕ ಫೋನ್ ಹೋಯ್ತು. ಇನ್ನೊಮ್ಮೆ ನಮ್ಮ ಕಂಪನಿಗೆ ಕೆಲಸ ಕೊಡ್ತಾರೋ ಇಲ್ಲವೋ ಅನ್ನೋ ಮಾತೂ ಬಂತು. ಸರ್ ದನಿ ಏರಿಸಲಿಲ್ಲ, ಶೀಟನ್ನೂ ಬದಲಾಯಿಸಲಿಲ್ಲ.

ಮಾರನೇ ದಿನ ಬೆಳಗ್ಗೆ ಹುಡುಗರು ಬಂದು ಎರಡು ಗಂಟೆಯಲ್ಲಿ ಸ್ಕ್ಯಾಫೋಲ್ಡಿಂಗ್ ಎತ್ತರಿಸಿದರು. ಅರ್ಧ ಗಂಟೆಯೊಳಗೆ ಹನ್ನೊಂದನ್ನೂ ಅಳೆದೆವು. ಏನು ಬಂತು ಗೊತ್ತಾ? 4.0, 4.1, 4.0, 4.2... ಎಲ್ಲವೂ ಚೆನ್ನಾಗಿಯೇ ಇದ್ದವು. ಸೂಪರ್‌ವೈಸರು ಜೋರಾಗಿ ನಕ್ಕು "ನಾ ನಿನ್ನೇನ ಹೇಳಿರಲಿಲ್ಲೇನ್ರಿ?" ಅಂದರು. ಸರ್ ಕೂಡ ನಕ್ಕು ಅಂದದ್ದು ಇಷ್ಟೇ: "ನಿನ್ನಿ ಬರದಿದ್ರ ಅದು ಅಂದಾಜು. ಇವತ್ತ ಅದು ಅಳತಿ."

ಸಿನಿಮಾ ಆಗಿದ್ದರೆ ಆ ಹನ್ನೊಂದರಲ್ಲಿ ಒಂದು ಟ್ಯೂಬು ಕಾಗದದಷ್ಟು ತೆಳ್ಳಗಿರಬೇಕಿತ್ತು. ಹಾಗಾಗಲಿಲ್ಲ. ಅದಕ್ಕೇ ಈ ಘಟನೆ ನನ್ನ ತಲೆಯಲ್ಲಿ ಉಳಿಯಿತು. ನಂಬರು ಅದೇ ಆಗಿದ್ದರೆ, ಅಂದಾಜಿಗೂ ಅಳತೆಗೂ ವ್ಯತ್ಯಾಸ ಏನು? ಬಸ್ಸಿನಲ್ಲಿ ವಾಪಸ್ ಬರುವಾಗ ಒಂದು ಲೆಕ್ಕ ಹಾಕಿ ನೋಡಿದೆ. ನೀವೂ ನೋಡಿ.

ಟ್ಯೂಬು 3.0 ಮಿ.ಮೀ.ಗೆ ಇಳಿದರೆ ಬದಲಾಯಿಸಬೇಕು ಅಂತ ಇಟ್ಟುಕೊಳ್ಳಿ. ಈ ವರ್ಷ ಅಳೆಯದೆ 4.0 ಅಂತ ಬರೆದೆವು. ಮುಂದಿನ ವರ್ಷ ಬೇರೊಬ್ಬರು ನಿಜವಾಗಿ ಅಳೆದಾಗ 3.7 ಬಂತು. ಅವರು ಹಳೇ ವರದಿ ತೆಗೆದು ನೋಡ್ತಾರೆ: ವರ್ಷಕ್ಕೆ 0.3 ಸವೆತ, ಇನ್ನುಳಿದಿರೋದು 0.7, ಅಂದರೆ ಇನ್ನೂ ಎರಡು ವರ್ಷ ಧಾರಾಳ. ಈಗ ಈ ವರ್ಷದ ನಿಜವಾದ ದಪ್ಪ 4.4 ಇತ್ತು ಅಂದುಕೊಳ್ಳಿ. ನಾವು ಬರೆದದ್ದಕ್ಕಿಂತ ಚೆನ್ನಾಗೇ ಇತ್ತು! ಆದರೆ ಆಗ ಒಂದೇ ವರ್ಷದಲ್ಲಿ 0.7 ಸವೆದಿದೆ ಅಂತ ಆಯ್ತು. ಉಳಿದಿರೋದು ಎರಡು ವರ್ಷ ಅಲ್ಲ, ಒಂದೇ ವರ್ಷ. ಆ ಮೂಲೆಯಲ್ಲಿ ಹೊಸದಾಗಿ ಏನೋ ಶುರುವಾಗಿದೆ, ಮತ್ತೆ ಅದು ಯಾರಿಗೂ ಕಾಣಲ್ಲ. ‘ಸ್ವಲ್ಪ ಕಮ್ಮಿ ಬರೆದರೆ ಸೇಫ್’ ಅಂತ ಹಾಕಿದ ಅಂದಾಜೇ ಅಪಾಯವನ್ನ ಮುಚ್ಚಿಬಿಟ್ಟಿತು. ಖಾಲಿ ಗೆರೆ ಇದ್ದಿದ್ದರೆ ಮುಂದಿನ ಪರೀಕ್ಷಕರು ಕನಿಷ್ಠ ‘ಇಲ್ಲಿ ಹಳೇ ಲೆಕ್ಕ ಇಲ್ಲ’ ಅಂತ ಎಚ್ಚರವಾಗುತ್ತಿದ್ದರು.

ಹಾಗಾದರೆ ನೋಡಿ, ಅಳೆದು ಬರೆದರೆ ಎಲ್ಲ ಸರಿಯಾ? ಅದೂ ಅಷ್ಟು ಸುಲಭ ಅಲ್ಲ. ವಾಪಸ್ ಬಂದ ಮೇಲೆ ಓದಿದ ಒಂದು ವಿಮಾನ ಅಪಘಾತದ ಕಥೆ ಹೇಳಬೇಕು. 1989ರ ಜುಲೈ 19. ಯುನೈಟೆಡ್ ಏರ್‌ಲೈನ್ಸಿನ 232ನೇ ಫ್ಲೈಟು, ಡಿಸಿ-10 ವಿಮಾನ, ಅಮೆರಿಕದ ಡೆನ್ವರಿಂದ ಶಿಕಾಗೋಗೆ ಹೊರಟಿತ್ತು. ಆಕಾಶದಲ್ಲೇ ಬಾಲದ ಎಂಜಿನ್ನಿನ ಫ್ಯಾನ್ ಡಿಸ್ಕ್ ಒಡೆದು ಚೂರಾಯ್ತು. ಚೂರುಗಳು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನ ಕತ್ತರಿಸಿದವು. ಪೈಲಟ್‌ಗಳು ಉಳಿದ ಎರಡು ಎಂಜಿನ್‌ಗಳ ವೇಗ ಏರಿಸಿ ಇಳಿಸಿಯೇ ವಿಮಾನವನ್ನ ಸೂ ಸಿಟಿ ಅನ್ನೋ ಊರಿನ ತನಕ ತಂದರು. ಆದರೂ ಇಳಿಯುವಾಗ ವಿಮಾನ ಮುರಿದು ಬಿತ್ತು. 296 ಜನರಲ್ಲಿ 112 ಜನ ಸತ್ತರು. ಒಡೆದ ಡಿಸ್ಕು ಸುಮಾರು ಮೂರು ತಿಂಗಳ ಮೇಲೆ, ಮೆಕ್ಕೆಜೋಳದ ಕಟಾವಿನ ಹೊತ್ತಿಗೆ ಹೊಲದಲ್ಲಿ ಸಿಕ್ಕಿತು.

ಟೈಟಾನಿಯಂ ಕರಗಿಸಿ ಮಾಡುವಾಗಲೇ ಅದರಲ್ಲೊಂದು ಸಣ್ಣ ದೋಷ ಉಳಿದಿತ್ತು. ಅಲ್ಲಿಂದ ಬಿರುಕು ವರ್ಷಗಟ್ಟಲೆ ಬೆಳೆದಿತ್ತು. ಮನಸ್ಸಿಗೆ ಚುಚ್ಚುವ ವಿಷಯ ಮುಂದಿದೆ. 1988ರ ಏಪ್ರಿಲ್‌ನಲ್ಲಿ, ಅಂದರೆ ಅಪಘಾತಕ್ಕೆ 760 ಹಾರಾಟಗಳ ಮೊದಲು, ಅದೇ ಡಿಸ್ಕಿಗೆ ಹೊಳೆಯುವ ಬಣ್ಣದ ಪೆನೆಟ್ರೆಂಟ್ ಪರೀಕ್ಷೆ ಆಗಿತ್ತು. ಆಗಲೇ ಬಿರುಕು ಮೇಲ್ಮೈಯಲ್ಲಿ ಸುಮಾರು ಅರ್ಧ ಇಂಚು ಉದ್ದ ಇತ್ತು ಅಂತ ತನಿಖೆ ಹೇಳಿತು. ಪರೀಕ್ಷೆ ಆಗಿತ್ತು, ಡಿಸ್ಕು ಪಾಸಾಗಿತ್ತು. ಪರೀಕ್ಷೆ ಮಾಡುವ ಮನುಷ್ಯರ ಮಿತಿಗಳನ್ನ ತಪಾಸಣೆಯ ವ್ಯವಸ್ಥೆ ಸಾಕಷ್ಟು ಗಮನಕ್ಕೆ ತಗೊಂಡಿರಲಿಲ್ಲ ಅನ್ನೋದು ತನಿಖಾ ಮಂಡಳಿಯ ತೀರ್ಮಾನ.

ಇದನ್ನ ಓದಿದಾಗ ನಮ್ಮ ಕನ್ನಡ ನೆನಪಾಯ್ತು. ‘ಬಿರುಕು ಇಲ್ಲ’ ಅನ್ನೋದು ಡಿಸ್ಕಿನ ಬಗ್ಗೆ ಆಡುವ ಮಾತು. ‘ಬಿರುಕು ಕಾಣಲಿಲ್ಲ’ ಅನ್ನೋದು ನನ್ನ ಕಣ್ಣು, ನನ್ನ ದೀಪ, ನನ್ನ ಮೀಟರಿನ ಬಗ್ಗೆ ಆಡುವ ಮಾತು. ‘ನೋಡಿಲ್ಲ’ ಅನ್ನೋದು ಮೂರನೆಯದು. ಮನೆಯಲ್ಲೂ ಇದು ನಡೆಯುತ್ತೆ. ಅಮ್ಮ "ಕಪಾಟಿನಲ್ಲಿ ಕೊಡೆ ಇದೆಯಾ ನೋಡು" ಅಂದರೆ ನಾವು ಎದ್ದೂ ಹೋಗದೆ "ಇಲ್ಲ" ಅಂತೀವಿ. ಅಮ್ಮ ಬಂದು ಅದೇ ಕಪಾಟಿಂದ ಕೊಡೆ ತೆಗೀತಾರೆ. ಕೊಡೆ ವಿಷಯದಲ್ಲಿ ಬೈಗುಳ ತಿಂದರೆ ಮುಗೀತು. ಬಾಯ್ಲರಿನ ಪಕ್ಕ ಮೂರು ಪಾಳಿಯಲ್ಲಿ ಜನ ನಿಂತಿರ್ತಾರೆ.

ಈ ಕ್ಷೇತ್ರದವರು ‘ಕಾಣಲಿಲ್ಲ’ ಅನ್ನೋದಕ್ಕೂ ಲೆಕ್ಕ ಇಟ್ಟಿದ್ದಾರೆ, ಅದು ನನಗೆ ತುಂಬ ಹಿಡಿಸಿತು. ವಿಮಾನದ ಭಾಗಗಳಲ್ಲಿ ಒಂದು ವಿಧಾನ ಎಷ್ಟು ಚೆನ್ನಾಗಿದೆ ಅಂತ ಹೇಳೋಕೆ, ಅಳತೆ ಗೊತ್ತಿರುವ ಬಿರುಕುಗಳಿರೋ ತುಂಡುಗಳನ್ನ ಬೇರೆ ಬೇರೆ ಪರೀಕ್ಷಕರಿಗೆ ಕೊಟ್ಟು ಎಷ್ಟನ್ನ ಹಿಡೀತಾರೆ ನೋಡ್ತಾರೆ. ನೂರಕ್ಕೆ ತೊಂಬತ್ತು ಸಲ ಸಿಕ್ಕೇ ಸಿಗುತ್ತೆ ಅಂತ ಶೇ. 95 ವಿಶ್ವಾಸದಿಂದ ಹೇಳಬಹುದಾದ ಬಿರುಕಿನ ಅಳತೆಯನ್ನ ಆ ವಿಧಾನದ ಮಿತಿ ಅಂತ ಇಟ್ಟುಕೊಳ್ತಾರೆ. ಅಂದರೆ ಮುಖ್ಯ ಪ್ರಶ್ನೆ ‘ನೀನು ಹಿಡಿದ ಅತಿ ಸಣ್ಣ ಬಿರುಕು ಯಾವುದು?’ ಅಂತ ಅಲ್ಲ, ‘ನಿನ್ನ ಕಣ್ಣು ತಪ್ಪಿಸಬಹುದಾದ ಅತಿ ದೊಡ್ಡ ಬಿರುಕು ಯಾವುದು?’ ಅಂತ. ಆ ಬಿರುಕು ಅಪಾಯದ ಅಳತೆಗೆ ಬೆಳೆಯೋದರೊಳಗೆ ಇನ್ನೊಂದೆರಡು ಸಲ ಪರೀಕ್ಷೆ ಆಗೋ ಹಾಗೆ ದಿನ ಗೊತ್ತು ಮಾಡ್ತಾರೆ. ಮನುಷ್ಯ ತಪ್ಪೋದಿಲ್ಲ ಅಂತ ನಂಬಿ ಕೂರಲ್ಲ, ತಪ್ತಾನೆ ಅಂತ ಒಪ್ಪಿಕೊಂಡೇ ಲೆಕ್ಕ ಹಾಕ್ತಾರೆ.

ಆದರೆ ಈ ಇಡೀ ಲೆಕ್ಕ ನಿಂತಿರೋದು ಒಂದು ನಂಬಿಕೆಯ ಮೇಲೆ: ‘ನೋಡಿದೆ’ ಅಂತ ಬರೆದ ಕಡೆ ಯಾರೋ ನಿಜವಾಗಿಯೂ ನೋಡಿದ್ದಾರೆ. ನೋಡಿ ತಪ್ಪಿದರೆ ಅದಕ್ಕೆ ಶೇಕಡಾ ಇದೆ. ನೋಡದೆ ಬರೆದರೆ ಅದಕ್ಕೆ ಯಾವ ಸೂತ್ರವೂ ಇಲ್ಲ. ಅತ್ತೆಗೆ ನಾನು ಕೊಡಬಹುದಾದ ಉತ್ತರ ಇದೇ. ತಟ್ಟೋದು ಯಾರಾದರೂ ಕಲೀಬಹುದು. ಯಾವ ಮಡಕೆ ತಟ್ಟಿದೆ, ಯಾವುದನ್ನ ತಟ್ಟಲಿಲ್ಲ, ತಟ್ಟಿದರೂ ಯಾವ ಬಿರುಕು ನನ್ನ ಕಿವಿಗೆ ಕೇಳಿರಲಿಕ್ಕಿಲ್ಲ ಅಂತ ಸಹಿ ಹಾಕಿ ಹೇಳೋಕೆ ಓದು ಬೇಕು. ಓದಿನ ಜೊತೆ ಸರ್ ಹತ್ತಿರ ಇದ್ದಂಥದ್ದೂ ಸ್ವಲ್ಪ ಬೇಕು.

ಆಸಕ್ತಿ ಇದ್ದವರಿಗೆ ಒಂದು ಮಾತು. ಡೈ ಪೆನೆಟ್ರೆಂಟ್ ಕಿಟ್ ಅಂದರೆ ಮೂರು ಸ್ಪ್ರೇ ಡಬ್ಬಿ ಅಷ್ಟೇ: ಒಂದು ತೊಳೆಯೋಕೆ, ಒಂದು ಬಣ್ಣಕ್ಕೆ, ಒಂದು ಬಿಳಿ ಪುಡಿಗೆ. ನಮ್ಮ ವರ್ಕ್‌ಶಾಪಿನ ಮೇಷ್ಟ್ರನ್ನ ಕೇಳಿದ್ದೀನಿ, ಒಂದು ಶನಿವಾರ ಮಧ್ಯಾಹ್ನ ಮಾಡೋಣ ಅಂದಿದ್ದಾರೆ. ಫಸ್ಟ್ ಇಯರಿನಲ್ಲಿ ನೀವೇ ಮಾಡಿದ ವೆಲ್ಡಿಂಗ್ ಜಾಬ್ ಇನ್ನೂ ಇದ್ದರೆ ತನ್ನಿ. ಕೆಂಪು ಗೆರೆಗಳು ಎಷ್ಟು ಮೂಡುತ್ತವೆ ನೋಡಿ ನಗೋಣ. ಆಮೇಲೆ ಕೂತು ವರದಿ ಬರೆಯೋಣ. ಅದರಲ್ಲಿ ಮೂರು ಕಾಲಂ ಇರಲಿ: ಕಂಡದ್ದು, ಕಾಣದ್ದು, ನೋಡದೆ ಬಿಟ್ಟದ್ದು.