ಮಾಸ್ಕ್ ಹಾಕಿದ ಮೇಲೆ ಇಬ್ಬರಿಗೂ ನಿದ್ದೆ

ಸಿಗ್ನಲ್‌ನಲ್ಲಿ ಕಾರು ನಿಂತಿತ್ತು, ನಾನು ತೂಕಡಿಸ್ತಿದ್ದೆ. "ಅಪ್ಪಾ, ಗ್ರೀನ್ ಬಂತು!" ಹಿಂದಿನ ಸೀಟಿನಿಂದ ಮಗಳು ಕೂಗಿದಾಗ ಬೆಚ್ಚಿಬಿದ್ದೆ. ಆ ವಾರವೇ ಡಾಕ್ಟರ್ ಹತ್ತಿರ ಹೋದೆ.

ಸ್ಲೀಪ್ ಸ್ಟಡಿಯಲ್ಲಿ ಗೊತ್ತಾಗಿದ್ದು: ಗಂಟೆಗೆ 38 ಸಲ ನನ್ನ ಉಸಿರು ನಿಲ್ಲುತ್ತೆ, ಇಲ್ಲವೇ ಕುಗ್ಗುತ್ತೆ. 30 ದಾಟಿದರೆ ಅದು ತೀವ್ರ ಸ್ಲೀಪ್ ಅಪ್ನಿಯಾ. ಬರೀ ಗೊರಕೆ ಅಂದುಕೊಂಡು ನಕ್ಕಿದ್ದೆ!

ಮನೆಗೆ ಸಿಪ್ಯಾಪ್ ಮಷೀನ್ ಬಂತು. ನಿದ್ದೆಯಲ್ಲಿ ಸಡಿಲವಾಗಿ ಮುಚ್ಚಿಕೊಳ್ಳುವ ಗಂಟಲನ್ನು ಗಾಳಿಯ ಒತ್ತಡದಿಂದ ತೆರೆದಿಡೋದು ಅದರ ಕೆಲಸ. ಮೊದಲ ರಾತ್ರಿ ಒಂದೇ ಗಂಟೆಗೆ ಮಾಸ್ಕ್ ಕಿತ್ತೆಸೆದೆ. ಎರಡನೇ ರಾತ್ರಿ ಬಾಯಿಂದ ಗಾಳಿಯೆಲ್ಲ ಸೋರಿ ನಾಲಿಗೆ ಒಣಗಿ ಹಪ್ಪಳ. ಮಗಳಂತೂ "ಅಪ್ಪ ಆನೆ" ಅಂತ ಕುಣಿದಳು.

"ವಾಪಸ್ ಕೊಟ್ಬಿಡೋಣ" ಅಂದೆ.

ಹೆಂಡತಿ ಮೆಲ್ಲಗೆ ಅಂದಳು, "ಎರಡು ವರ್ಷದಿಂದ ನಿಮ್ಮ ಉಸಿರು ನಿಂತಾಗಲೆಲ್ಲ ಅಲುಗಾಡಿಸ್ತಾ ಎದ್ದು ಕೂತಿದೀನಿ ರೀ. ನನಗೂ ಭಯ ಆಗುತ್ತೆ."

ಮತ್ತೆ ಮಾತಾಡಲಿಲ್ಲ. ಸಂಜೆ ಟಿವಿ ನೋಡುವಾಗ ಅರ್ಧ ಗಂಟೆ ಮಾಸ್ಕ್ ಹಾಕಿ ಕೂತೆ. ಡಾಕ್ಟರನ್ನು ಕೇಳಿ ಮೂಗು, ಬಾಯಿ ಎರಡೂ ಮುಚ್ಚುವ ಮಾಸ್ಕ್ ತಂದೆ. ಒತ್ತಡ ನಿಧಾನವಾಗಿ ಏರುವ ಸೆಟ್ಟಿಂಗ್ ಹಾಕಿಸಿಕೊಂಡೆ. ಹ್ಯುಮಿಡಿಫೈಯರ್‌ಗೆ ದಿನಾ ಹೊಸ ಡಿಸ್ಟಿಲ್ಡ್ ವಾಟರ್. ಎರಡು ಗಂಟೆ ನಾಲ್ಕಾಯ್ತು, ನಾಲ್ಕು ಆರಾಯ್ತು.

ಮೂರು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಅಲಾರಾಂಗಿಂತ ಮೊದಲೇ ಎಚ್ಚರವಾಯ್ತು. ತಲೆಭಾರ ಇರಲಿಲ್ಲ. ಪಕ್ಕದಲ್ಲಿ ಅವಳು ಗಾಢ ನಿದ್ದೆಯಲ್ಲಿದ್ದಳು. ಅವಳು ಹಾಗೆ ಮಲಗಿದ್ದನ್ನು ನೋಡಿ ಎಷ್ಟು ದಿನವಾಗಿತ್ತೋ!

ಎಬ್ಬಿಸದೆ ಎದ್ದು, ಕಾಫಿಗೆ ಹಾಲಿಟ್ಟೆ.