ಗಾಣ ಅಲ್ಲಿ, ಕಿಟಕಿ ಇಲ್ಲಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ—ಈ ಐದು ತಾಲ್ಲೂಕುಗಳ ಜನರಿಗೆ ಒಂದು ವಿದ್ಯೆ ಯಾರೂ ಕಲಿಸದೆಯೇ ಬಂದಿದೆ. ಕೆಲಸವು ಕಣ್ಣಿಗೆ ಕಾಣದ ಊರಿನಲ್ಲಿ ನಡೆಯುತ್ತಿರುವಾಗ ತಾವು ಇಲ್ಲಿ ಕುಳಿತು ಅದರ ಚೀಟಿಗಾಗಿ ಕಾಯುವ ವಿದ್ಯೆ ಅದು. ಕಬ್ಬು ಕಡಿದು, ಹೇರಿ, ಸಕ್ಕರೆ ಕಾರಖಾನೆಗೆ ಕಳಿಸಿದ ರೈತನು ಗಾಣ ತಿರುಗುವುದನ್ನು ನೋಡುವುದಿಲ್ಲ. ತೂಕದ ಚೀಟಿಯನ್ನು ನೋಡುತ್ತಾನೆ. ‘ಭೂಮಿ’ ಯೋಜನೆಯಿಂದ ಪಹಣಿಗಳು ಕಂಪ್ಯೂಟರನ್ನು ಸೇರಿದ ಮೇಲೆ ಹೊಲದ ಉತಾರವೂ ಹಾಗೆಯೇ: ದಫ್ತರ ಎಲ್ಲಿದೆಯೋ ಯಾರು ಬಲ್ಲರು, ಕಾಗದ ಮಾತ್ರ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಕೈಗೆ ಬೀಳುತ್ತದೆ. ದೊಡ್ಡ ಕಚೇರಿಗಳೆಲ್ಲ ಬೆಳಗಾವಿಯಲ್ಲಿ. ಅಥಣಿಯವನಿಗೆ ಅದು ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಚಿಕ್ಕೋಡಿಯನ್ನೇ ಜಿಲ್ಲೆಯಾಗಿಸಬೇಕೆಂಬ ಕೂಗು ಎದ್ದು ದಶಕಗಳೇ ಸಂದವು. ನಿಪ್ಪಾಣಿ, ಕಾಗವಾಡಗಳು ತಾಲ್ಲೂಕಿನ ಪಟ್ಟ ಕಂಡದ್ದೂ ೨೦೧೮ರ ಸುಮಾರಿಗೆ.

ಇಂಥ ನಾಡಿನ ಮಕ್ಕಳು ಎಂಜಿನಿಯರಿಂಗ್ ಓದಿ, ಪುಣೆ-ಬೆಂಗಳೂರುಗಳ ಸಂಸ್ಥೆಗಳನ್ನು ಸೇರಿ, ಎಂದೂ ಮುಟ್ಟದ ಯಂತ್ರಗಳನ್ನು ದೂರದಿಂದಲೇ ನಡೆಸುತ್ತಿದ್ದರೆ ಅಚ್ಚರಿಯೇನು? ಕುಡಚಿಯ ಆಸುಪಾಸಿನ, ಕೃಷ್ಣೆಯ ದಂಡೆಯ ಒಂದು ಹಳ್ಳಿಯ ತರುಣನೂ ಅಂಥವರಲ್ಲೊಬ್ಬ. ತಂದೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಮಿರಜಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅವರನ್ನು ಎಬ್ಬಿಸಿ ಕೂಡ್ರಿಸಲು ಮನೆಯಲ್ಲಿ ತಾಯಿಯೊಬ್ಬಳ ಕೈ ಸಾಲದು. ಮಗ ಪುಣೆಯಿಂದ ಓಡಿ ಬಂದ. ಮೇಲಧಿಕಾರಿ ಹೃದಯವಿಲ್ಲದವನಲ್ಲ, ಆದರೆ ಲೆಕ್ಕದ ಮನುಷ್ಯ. “ಮುಂಬೈಯ ಹೊಸ ಯಂತ್ರದಲ್ಲಿ ದತ್ತಾಂಶಕೋಶದ ತಂತ್ರಾಂಶವನ್ನು ಸೋಮವಾರ ಬೆಳಿಗ್ಗೆಯೊಳಗೆ ಸ್ಥಾಪಿಸಬೇಕು. ಅದು ಊರಿನಿಂದಲೇ ಆಗುವುದಾದರೆ ಎರಡು ತಿಂಗಳು ಅಲ್ಲಿಯೇ ಇರು. ಆಗದಿದ್ದರೆ ಹೊರಟು ಬಾ” ಎಂದ. ಅಪ್ಪನ ಕೋಲಿನ ನಡಿಗೆ ಹೀಗೆ ಮುಂಬೈಯ ಒಂದು ಬೀಗ ಹಾಕಿದ ಕೋಣೆಯ ಯಂತ್ರಕ್ಕೆ ಗಂಟುಬಿದ್ದಿತು.

ಆ ಯಂತ್ರವಾದರೂ ಎಂಥದು! ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ, ಮುಂದೆ ಒಂದು ಕುರ್ಚಿಯೂ ಇಲ್ಲ. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಅದರ ಜೀವಾಳ. ಇಂಥ ಯಂತ್ರಗಳಲ್ಲಿ ಚಿತ್ರ, ಕಿಟಕಿ, ಗುಂಡಿಗಳ ಅಲಂಕಾರವನ್ನು ಬೇಕೆಂದೇ ಇಡುವುದಿಲ್ಲ. ನೋಡುವವರಿಲ್ಲದ ಕಡೆ ತೋರಣವೇಕೆ? ಸ್ಮರಣಶಕ್ತಿ ಉಳಿಯುತ್ತದೆ, ಕಳ್ಳ ನುಗ್ಗಲು ಬಾಗಿಲುಗಳೂ ಕಡಿಮೆ. ಅಕ್ಷರದಲ್ಲಿ ಆಜ್ಞೆ ಬರೆದರೆ ಅಕ್ಷರದಲ್ಲಿ ಉತ್ತರ ಕೊಡುತ್ತದೆ. ಮಿತಭಾಷಿಯಾದರೂ ಪ್ರಾಮಾಣಿಕ.

ತೊಡಕು ಬಂದದ್ದು ತಂತ್ರಾಂಶದ ಕಡೆಯಿಂದ. ಆರೇಕಲ್‌ನಂಥ ದೊಡ್ಡ ದತ್ತಾಂಶಕೋಶಗಳ ಸ್ಥಾಪಕ ಕಾರ್ಯಕ್ರಮವು ವಾಡಿಕೆಯಾಗಿ ಚಿತ್ರರೂಪದ್ದು. ಒಂದೊಂದೇ ಪುಟವನ್ನು ತೆರೆದು, “ಎಲ್ಲಿ ಇಡಲಿ? ಯಾರ ಹೆಸರಿನಲ್ಲಿ ಇಡಲಿ?” ಎಂದು ವಿಚಾರಿಸುತ್ತ ‘ಮುಂದೆ’ ಎಂಬ ಗುಂಡಿಯನ್ನು ಒತ್ತಿಸಿಕೊಳ್ಳುತ್ತದೆ. ಹೊಸಬರಿಗೆ ಅನುಕೂಲವಾಗಲೆಂದು ಮಾಡಿದ ಸೌಜನ್ಯವಿದು. ಆದರೆ ಸೌಜನ್ಯ ತೋರಿಸಲು ಎದುರಿಗೆ ಮುಖವಿರಬೇಕಲ್ಲ! ಪರದೆಯೇ ಇಲ್ಲದ ಯಂತ್ರದಲ್ಲಿ ಅದು ಸುತ್ತ ಹುಡುಕಿ, “ಡಿಸ್ಪ್ಲೇ ಸಿಗಲಿಲ್ಲ” ಎಂದು ಒಂದೇ ಸಾಲು ಬರೆದು ಪ್ರಾಣ ಬಿಡುತ್ತದೆ. ಜಗತ್ತಿನ ಎಲ್ಲ ಮನೆಗಳಿಗೂ ಕಿಟಕಿಯಿದೆಯೆಂದು ತಿಳಿದವರು ಮಾಡಿದ ಏರ್ಪಾಡು.

ಯಂತ್ರದ ಬಳಿಗೇ ಹೋಗಬಾರದೆ ಎಂದು ಓದುಗರು ಕೇಳಬಹುದು. ಹೋದರೂ ಅಲ್ಲಿ ನೋಡುವುದಕ್ಕೇನಿದೆ? ಅಲ್ಲದೆ ಈ ಭಾಗದ ದಾರಿಗಳೂ ಯಾವಾಗಲೂ ಮನುಷ್ಯನ ಮಾತು ಕೇಳುವಂಥವಲ್ಲ. ೨೦೧೯ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಒಟ್ಟಿಗೆ ಉಕ್ಕಿದಾಗ ನಿಪ್ಪಾಣಿಯ ಹತ್ತಿರ ಯಮಗರ್ಣಿಯಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯೇ ನೀರಿನಡಿ ಹೋಗಿತ್ತು.

ಉಪಾಯ ಬಹಳ ಹಿಂದೆಯೇ ಹುಟ್ಟಿದೆ. ಎಂ.ಐ.ಟಿ. ಎಂದು ಪ್ರಸಿದ್ಧವಾದ ಅಮೆರಿಕದ ವಿದ್ಯಾಲಯದಲ್ಲಿ ೧೯೮೪ರಲ್ಲಿ ರಾಬರ್ಟ್ ಶೈಫ್ಲರ್, ಜಿಮ್ ಗೆಟಿಸ್ ಎಂಬವರು ಒಂದು ಕಿಟಕಿ-ವ್ಯವಸ್ಥೆಯನ್ನು ಕಟ್ಟಿದರು. ಅದಕ್ಕೆ ಮೊದಲಿನದರ ಹೆಸರು ‘ಡಬ್ಲ್ಯೂ’. ಅಕ್ಷರಮಾಲೆಯಲ್ಲಿ ಅದರ ಮುಂದಿನದು ‘ಎಕ್ಸ್’. ಇಷ್ಟೇ ನಾಮಕರಣದ ಕತೆ. ೧೯೮೭ರಲ್ಲಿ ಹೊರಬಂದ ಅದರ ಹನ್ನೊಂದನೆಯ ರೂಪವೇ ಇಂದಿಗೂ ಬಳಕೆಯಲ್ಲಿರುವುದು. ಕೆಲಸ ಮಾಡುವ ಯಂತ್ರ ಒಂದು, ಚಿತ್ರ ತೋರಿಸುವ ಯಂತ್ರ ಇನ್ನೊಂದು ಆಗಬಹುದೆಂಬುದು ಅದರ ಮೂಲಮಂತ್ರ.

ಇಲ್ಲಿ ಹೆಸರುಗಳು ತಲೆಕೆಳಗಾಗಿ ಕಾಣುತ್ತವೆ. ಮುಂಬೈಯ ದೈತ್ಯಯಂತ್ರವನ್ನು ಎಲ್ಲರೂ ಸರ್ವರ್ ಎನ್ನುತ್ತಾರೆ. ಆದರೆ ಎಕ್ಸ್‌ನ ಲೆಕ್ಕದಲ್ಲಿ ಸರ್ವರ್ ಎಂದರೆ ಹಳ್ಳಿಯ ಮನೆಯಲ್ಲಿ ಹುಡುಗನ ತೊಡೆಯ ಮೇಲಿರುವ ಲ್ಯಾಪ್‌ಟಾಪು! ಈ ಭಾಗದವರಿಗೆ ಶ್ರೀಕೃಷ್ಣ ಪಾರಿಜಾತದ ಆಟವನ್ನು ನೆನಪಿಸಿದರೆ ಗಂಟು ಬಿಚ್ಚೀತು. ಕತೆ, ಹಾಡು, ವೇಷ ಎಲ್ಲವೂ ಪರ ಊರಿನಿಂದ ಬಂದ ಮೇಳದ್ದು. ಆಡಲು ಜಾಗ, ಮೇಲೆ ದೀಪ, ಮುಂದೆ ಚಾಪೆ—ಇವು ನಮ್ಮೂರಿನವು. ರಂಗವನ್ನು ಒದಗಿಸುವವನೇ ಸರ್ವರ್. ಮೇಳ ಎಷ್ಟೇ ದೊಡ್ಡದಾಗಿರಲಿ, ರಂಗ ಕೇಳಲು ಬಂದ ಗಿರಾಕಿ.

ಎರಡು ಊರುಗಳ ನಡುವಿನ ದಾರಿಗೆ ಕಾವಲೂ ಬೇಕು. ಅದನ್ನು ಒದಗಿಸಿದ್ದು ಎಸ್‌ಎಸ್‌ಎಚ್. ಫಿನ್ಲೆಂಡಿನ ಒಂದು ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಗುಪ್ತಪದಗಳನ್ನು ಕದ್ದು ಕೇಳಿದ ಮೇಲೆ ೧೯೯೫ರಲ್ಲಿ ತಾತು ಇಲೋನೆನ್ ಎಂಬಾತ ರಚಿಸಿದ ಮುಚ್ಚುಸುರಂಗವಿದು. ಇದರೊಳಗಿಂದ ಎಕ್ಸ್‌ನ ಮಾತುಗಳನ್ನೂ ಸಾಗಿಸಬಹುದು. ಆಜ್ಞೆಯಲ್ಲಿ ಒಂದು ಅಡ್ಡಗೆರೆ, ಒಂದು ದೊಡ್ಡ ‘ಎಕ್ಸ್’ ಸೇರಿಸಿದರಾಯಿತು. ದಾರಿ ಸರಿಯಾಗಿ ತೆರೆದರೆ ಆಚೆಯ ಯಂತ್ರದಲ್ಲಿ ಡಿಸ್ಪ್ಲೇ ಎಂಬ ಹೆಸರಿನ ಮುಂದೆ ಹತ್ತು ಎಂಬ ಅಂಕಿಯುಳ್ಳ ಒಂದು ವಿಳಾಸ ತಾನಾಗಿ ಮೂಡುತ್ತದೆ.

ಶನಿವಾರ ರಾತ್ರಿ ನಮ್ಮ ತರುಣನಿಗೆ ಅದು ಮೂಡಲಿಲ್ಲ. ಕಿಟಕಿಯ ಅಲಂಕಾರವನ್ನೆಲ್ಲ ತೆಗೆದುಹಾಕಿದ ಕೈ, ಎಕ್ಸ್‌ಆತ್ ಎಂಬ ಒಂದು ಸಣ್ಣ ಕಾರ್ಯಕ್ರಮವನ್ನೂ ಕಸವೆಂದು ಬಿಟ್ಟಿತ್ತು. ರಂಗದ ಯಜಮಾನನು ಮೇಳಕ್ಕೆ ಕೊಡುವ ವೀಳ್ಯವನ್ನು ಜೋಪಾನ ಮಾಡುವುದು ಅದೇ. ವೀಳ್ಯವೆಂದರೆ ಒಂದು ಗುಟ್ಟಿನ ಅಂಕಿಮಾಲೆ. ಅದನ್ನು ತೋರಿಸದವನಿಗೆ ಪರದೆಯ ಮೇಲೆ ಒಂದು ಗೆರೆ ಎಳೆಯಲೂ ಅಪ್ಪಣೆಯಿಲ್ಲ. ಎಕ್ಸ್‌ಆತ್ ಅನ್ನು ತರಿಸಿದ್ದಾಯಿತು, ವಿಳಾಸವೂ ಮೂಡಿತು. ಸ್ಥಾಪಕವನ್ನು ಎಬ್ಬಿಸಿದರೆ ಮತ್ತೆ ಅದೇ ನಕಾರ! ಆತ ಒಳಹೊಕ್ಕದ್ದು ತನ್ನ ಹೆಸರಿನಲ್ಲಿ; ಸ್ಥಾಪಕ ನಡೆಯಬೇಕಾದದ್ದು ದತ್ತಾಂಶಕೋಶಕ್ಕೆಂದೇ ಮಾಡಿದ ಬೇರೊಂದು ಹೆಸರಿನಲ್ಲಿ. ವೀಳ್ಯ ಹಿಡಿದವನೊಬ್ಬ, ವೇಷ ಕಟ್ಟಿದವನೊಬ್ಬ. ಒಬ್ಬನ ಕಡತದಿಂದ ಇನ್ನೊಬ್ಬನ ಕಡತಕ್ಕೆ ಅಂಕಿಮಾಲೆಯನ್ನು ದಾಟಿಸುವಷ್ಟರಲ್ಲಿ ರಾತ್ರಿ ಹನ್ನೆರಡು ದಾಟಿತ್ತು. ಈ ವಿದ್ಯೆಯಲ್ಲಿ ಮುಗ್ಗರಿಸುವವರಲ್ಲಿ ಬಹುಮಂದಿ ಮುಗ್ಗರಿಸುವುದು ಈ ಹೊಸ್ತಿಲಲ್ಲಿಯೇ.

ವೀಳ್ಯದಲ್ಲಿಯೂ ಎರಡು ಬಗೆ. ದೊಡ್ಡ ‘ಎಕ್ಸ್’ ಬರೆದರೆ ಬಂದವರನ್ನು ಜಗಲಿಯ ಮೇಲೆ ಕೂಡ್ರಿಸಿದಂತೆ; ದೊಡ್ಡ ‘ವೈ’ ಬರೆದರೆ ಅಡಿಗೆಮನೆಯವರೆಗೂ ಬಿಟ್ಟುಕೊಂಡಂತೆ. ಹಾಗೆ ಒಳಗೆ ಬಂದ ಕಾರ್ಯಕ್ರಮವು ಮನಸ್ಸು ಮಾಡಿದರೆ ಮನೆಯವನು ಬೇರೆ ಕಿಟಕಿಗಳಲ್ಲಿ ಒತ್ತುವ ಅಕ್ಷರಗಳನ್ನೂ ಕದ್ದು ನೋಡೀತು. ತಾನು ನಂಬುವ ಯಂತ್ರಕ್ಕಲ್ಲದೆ ‘ವೈ’ ಕೊಡಬಾರದು. ಅವಸರದವರು ಎಲ್ಲರಿಗೂ ಅದನ್ನೇ ಕೊಡುತ್ತಾರೆ. ಅದು ಬೇರೆ ಮಾತು.

ಅಂತೂ ಕಿಟಕಿ ಮೂಡಿತು. ಮಂಚದ ಮೇಲೆ ನಿದ್ದೆ ಬಾರದೆ ಮಲಗಿದ್ದ ತಂದೆ ತಲೆ ಎತ್ತಿ ನೋಡಿದರು.

“ಅಲ್ಲೋ ತಮ್ಮಾ, ಮಷೀನ ಮುಂಬೈದಾಗ ಐತಿ ಅಂದಿ. ಮತ್ತ ಈ ಚಿತ್ರ ಯಾರ ಬರದ ಕಳಸಾಕತ್ತಾರ?”

“ಚಿತ್ರ ಬರೂದಿಲ್ರಿ ಅಪ್ಪಾ, ಹೆಂಗ ತಗೀಬೇಕು ಅನ್ನೂ ಮಾತ ಬರ್ತಾವ. ‘ಇಲ್ಲೊಂದ ಗೆರಿ ಹೊಡಿ, ಅಲ್ಲೊಂದ ಚೌಕ ಮಾಡು’ ಅಂತದ. ತಗಿಯೂದು ನಮ್ಮ ಮಷೀನ.”

“ಹಂಗಾರ ಕನ್ನಡದಾಗ ಹೇಳಿದ್ರ ತಿಳಿತೈತೇನು?”

ಮುದುಕರು ನಗೆಯಾಡಿ ಕೇಳಿದ ಪ್ರಶ್ನೆಯಲ್ಲಿ ತಿರುಳಿದೆ. ಲಿನಕ್ಸ್‌ನ ಬರಿಯ ಕಪ್ಪು ಪರದೆಗೆ ಒಮ್ಮೆಗೆ ೫೧೨ಕ್ಕಿಂತ ಹೆಚ್ಚು ಅಕ್ಷರರೂಪಗಳನ್ನು ಹಿಡಿಯುವ ಶಕ್ತಿಯಿಲ್ಲ. ಗುಣಿತ ಕೂಡಿಸುವುದು, ಒತ್ತಕ್ಷರ ಇಳಿಸುವುದು ಅದಕ್ಕೆ ಗೊತ್ತೇ ಇಲ್ಲ. ಇಂಗ್ಲಿಷಿಗೆ ಅದು ಸಾಕು. ಕನ್ನಡವನ್ನು ಕಡತದಲ್ಲಿ ಕೆಡದಂತೆ ಕೂಡಿಟ್ಟುಕೊಳ್ಳುತ್ತದೆ, ಆದರೆ ತೋರಿಸಲಾರದು. ಕನ್ನಡದ ‘ಸ್ತ್ರೀ’ಯನ್ನು ನೆಟ್ಟಗೆ ಕಾಣಬೇಕಾದರೆ ಕಿಟಕಿಯೇ ಬೇಕು. ಕಿಟಕಿ ಬರಿಯ ಶೋಕಿ ಎಂದು ಪಶ್ಚಿಮದ ಪಂಡಿತರು ಹೇಳುವಾಗ ಈ ಮಾತು ಅವರ ಲಕ್ಷ್ಯಕ್ಕೆ ಬಂದಂತಿಲ್ಲ.

ಕಿಟಕಿ ಮೂಡಿದರೂ ಅದು ಆಮೆಯ ನಡಿಗೆ. ಒಂದು ಗುಂಡಿಯನ್ನು ತೋರಿಸಲೂ ಎರಡು ಯಂತ್ರಗಳ ನಡುವೆ ಎಷ್ಟೋ ಸಲ ಪ್ರಶ್ನೆ-ಉತ್ತರ ನಡೆಯಬೇಕು. ಪ್ರತಿಯೊಂದು ಪ್ರಶ್ನೆಯೂ ಹೋಗಿ, ಉತ್ತರ ಬರುವವರೆಗೆ ಮುಂದಿನದು ಕಾದಿರಬೇಕು. ತಂತಿ ಎಷ್ಟು ಅಗಲವೆಂಬುದಕ್ಕಿಂತ ಎಷ್ಟು ದೂರವೆಂಬುದೇ ಇಲ್ಲಿ ಮುಖ್ಯ. ಒಂದೇ ಕಟ್ಟಡದೊಳಗೆ ಚಿಗರೆಯಂತೆ ಓಡುವ ಎಕ್ಸ್, ಊರೂರು ದಾಟುವಾಗ ಕುಂಟುತ್ತದೆ. ಪುಟ ತಿರುವುತ್ತ, ಕಾಯುತ್ತ, ತಾಯಿ ತಂದಿಟ್ಟ ಚಹವನ್ನು ಆರಲು ಬಿಟ್ಟು, ಕೊನೆಗೆ ‘ಸ್ಥಾಪಿಸು’ ಎಂಬ ಗುಂಡಿಯನ್ನು ಒತ್ತಿದ. ಹಸಿರು ಪಟ್ಟಿ ಎಪ್ಪತ್ತರ ಹತ್ತಿರ ಹತ್ತಿತು.

ಕರೆಂಟು ಹೋಯಿತು.

ಲ್ಯಾಪ್‌ಟಾಪಿಗೆ ಬ್ಯಾಟರಿಯಿತ್ತು, ಗೋಡೆಯ ಮೇಲಿನ ಬ್ರಾಡ್‌ಬ್ಯಾಂಡ್ ಪೆಟ್ಟಿಗೆಗೆ ಇರಲಿಲ್ಲ. ಸುರಂಗ ಮುಚ್ಚಿತು. ಎಕ್ಸ್‌ನ ಗುಣವೆಂದರೆ, ರಂಗ ಕುಸಿದರೆ ಬಹುಮಟ್ಟಿಗೆ ಮೇಳವೂ ಸಾಯುತ್ತದೆ. ಮುಂಬೈಯಲ್ಲಿ ಕರೆಂಟು ಚೆನ್ನಾಗಿಯೇ ಇದ್ದರೂ, ಕುಡಚಿಯ ಕಡೆಯ ಕತ್ತಲೆಗೆ ಅಲ್ಲಿಯ ಕೆಲಸ ಅರ್ಧಕ್ಕೆ ನಿಂತಿತು. ಕತ್ತಲಲ್ಲಿ ತಂದೆಯ ದನಿ ಕೇಳಿತು: “ಹೋಗೂದ ಇದ್ರ ಹೋಗೋ ತಮ್ಮಾ. ನಮ್ಮದೇನು, ಹೆಂಗರ ನಡಿತೈತಿ.” ಮಗ ಉತ್ತರ ಕೊಡಲಿಲ್ಲ.

ಭಾನುವಾರ ಅವನ ಮುಂದೆ ಎರಡು ದಾರಿಗಳಿದ್ದವು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ೧೯೯೦ರ ದಶಕದಲ್ಲಿ ಹುಟ್ಟಿದ ವಿಎನ್‌ಸಿ ಒಂದು. ಅದರಲ್ಲಿ ರಂಗವೂ ದೂರದ ಯಂತ್ರದೊಳಗೇ ಕಲ್ಪಿತವಾಗಿರುತ್ತದೆ. ಇಲ್ಲಿಂದ ಹಣಕಿ ನೋಡುವುದಷ್ಟೆ. ತಂತಿ ಕಡಿದರೂ ಆಟ ನಡೆದೇ ಇರುತ್ತದೆ. ಆದರೆ ಅದಕ್ಕಾಗಿ ಆ ಯಂತ್ರದಲ್ಲಿ ಇನ್ನಷ್ಟು ಸಾಮಾನು ತುಂಬಬೇಕು. ಸಂಸ್ಥೆಯ ಕಾವಲುಗಾರರು ಒಪ್ಪಬೇಕು. ಭಾನುವಾರ ಯಾರು ಒಪ್ಪುತ್ತಾರೆ?

ಇನ್ನೊಂದು, ಹೆಣ್ಣು ನೋಡುವ ಶಾಸ್ತ್ರವನ್ನು ಹೋಲುವ ದಾರಿ. ಬೀಗರು ಏನೇನು ಕೇಳುತ್ತಾರೆಂದು ಬಲ್ಲ ಸೋದರತ್ತೆ ಹುಡುಗಿಗೆ ಉತ್ತರಗಳನ್ನು ಮೊದಲೇ ಹೇಳಿಕೊಟ್ಟಿರುತ್ತಾಳಲ್ಲ, ಹಾಗೆ. ಸ್ಥಾಪಕದ ಎಲ್ಲ ಪ್ರಶ್ನೆಗಳಿಗೂ ಉತ್ತರಗಳನ್ನು ಒಂದು ಕಡತದಲ್ಲಿ ಬರೆದಿಟ್ಟು, ‘ಸದ್ದು ಮಾಡದೆ ಇದರಂತೆ ನಡೆ’ ಎಂದು ಆಜ್ಞಾಪಿಸಬಹುದು. ಆಗ ಕಿಟಕಿಯೇ ಬೇಕಿಲ್ಲ. ಆದರೆ ಉತ್ತರಗಳ ಕಡತದ ಒಕ್ಕಣೆ ತೀರ ನಾಜೂಕು. ಒಂದು ಸಾಲು ತಪ್ಪಿದರೆ ಎಲ್ಲವೂ ಕೆಟ್ಟಿತು. ತರುಣನು ಅರ್ಧಕ್ಕೆ ನಿಂತ ಕಸವನ್ನು ಗುಡಿಸಿ, ಕುಂಟುವ ಕಿಟಕಿಯನ್ನೇ ಮತ್ತೊಮ್ಮೆ ತೆರೆದು, ಕೊನೆಯ ಪುಟದವರೆಗೆ ತಾಳ್ಮೆಯಿಂದ ನಡೆದ. ‘ಸ್ಥಾಪಿಸು’ ಎಂಬುದನ್ನು ಮಾತ್ರ ಮುಟ್ಟಲಿಲ್ಲ. ಅದರ ಹತ್ತಿರದ, ‘ಉತ್ತರಗಳನ್ನು ಉಳಿಸು’ ಎಂಬ, ಯಾರ ಕಣ್ಣಿಗೂ ಬೀಳದ ಗುಂಡಿಯನ್ನು ಒತ್ತಿ ಕಿಟಕಿ ಮುಚ್ಚಿದ. ಚಿತ್ರದ ಋಣ ಅಲ್ಲಿಗೆ ತೀರಿತು. ಗುಪ್ತಪದಗಳ ಜಾಗವನ್ನು ಕಡತ ಖಾಲಿ ಬಿಟ್ಟಿತ್ತು. ಅವನ್ನು ಕೈಯಾರೆ ತುಂಬಿದ. ಆಮೇಲೆ ಟೀಮಕ್ಸ್ ಎಂಬ ಆಸರೆಯೊಳಗೆ, ಅಂದರೆ ತಂತಿ ಕಡಿದರೂ ಕೆಲಸ ನಿಲ್ಲದಂತೆ, ಅಕ್ಷರದ ಒಂದೇ ಸಾಲಿನಲ್ಲಿ ಆಜ್ಞೆ ಕೊಟ್ಟ.

ಆ ರಾತ್ರಿಯೂ ಕರೆಂಟು ಹೋಯಿತು. ಒಂದು ತಾಸು ಬರಲಿಲ್ಲ. ಬಂದ ಮೇಲೆ ಸುರಂಗವನ್ನು ತೆರೆದು ನೋಡಿದರೆ, ಕಪ್ಪು ಪರದೆಯ ಮೇಲೆ ಸ್ಥಾಪನೆ ಯಶಸ್ವಿಯಾಯಿತೆಂಬ ಸಾಲು ಆಗಲೇ ಬಂದು ಕುಳಿತಿತ್ತು.

ಸೋಮವಾರ ಮೇಲಧಿಕಾರಿಯಿಂದ ಎರಡು ತಿಂಗಳ ಅಪ್ಪಣೆ ಬಂತು, ಜೊತೆಗೆ ಇಂಥವೇ ಇನ್ನೂ ಮೂರು ಯಂತ್ರಗಳ ಪಟ್ಟಿಯೂ. ಈಗೀಗ ಲಿನಕ್ಸ್‌ನ ದೊಡ್ಡ ಮನೆತನಗಳು ಎಕ್ಸ್‌ನಿಂದ ದೂರ ಸರಿಯುತ್ತಿವೆ. ರೆಡ್ ಹ್ಯಾಟ್ ೨೦೨೫ರಲ್ಲಿ ಹೊರತಂದ ಹತ್ತನೆಯ ಆವೃತ್ತಿಯಲ್ಲಿ ಹಳೆಯ ಎಕ್ಸ್ ಸರ್ವರನ್ನು ಕೈಬಿಟ್ಟು, ಹಳೆಯ ಕಾರ್ಯಕ್ರಮಗಳಿಗೆಂದು ಒಂದು ಸೇತುವೆಯನ್ನು ಮಾತ್ರ ಉಳಿಸಿದೆ. ಉತ್ತರಗಳ ಕಡತಕ್ಕೆ ಆ ಚಿಂತೆಯಿಲ್ಲ.

ಅಪ್ಪ ಕೋಲು ಹಿಡಿದು ಪಡಸಾಲೆಯವರೆಗೆ ನಡೆದ ದಿನ ಅಥಣಿಯ ಗೆಳೆಯನೊಬ್ಬನ ಫೋನು ಬಂತು. ಅವನೂ ಊರಿಗೆ ಬಂದವನೇ; ಅವನ ಯಂತ್ರ ಚೆನ್ನೈಯಲ್ಲಿ. “ನಿನ್ನ ಕಡಿ ಆ ಫೈಲ್ ಐತೆಲ್ಲೊ ದೋಸ್ತ, ಇದ್ದಂಗ ಕಳಿಸಿಬಿಡು” ಎಂದ. ಕಳಿಸುವ ಮುನ್ನ ತರುಣನು ಅದನ್ನು ತೆರೆದು, ತಾನು ತುಂಬಿದ್ದ ಗುಪ್ತಪದದ ಸಾಲುಗಳನ್ನು ಒಂದೊಂದಾಗಿ ಹುಡುಕಿ ಅಳಿಸುತ್ತ ಕುಳಿತ.