ಮರಯಲ್ಲಿ, ಅಣ್ಣದಲ್ಲಿ

ಮುನಿರ್ಕಾ ಮೆಟ್ರೋ ನಿಲ್ದಾಣದಿಂದ ಹಳ್ಳಿಯೊಳಕ್ಕೆ ನಡೆದರೆ ಗಲ್ಲಿಗಳು ಕಿರಿದಾಗುತ್ತಾ ಹೋಗುತ್ತವೆ. ಅಲ್ಲಿನ ಮೂರನೇ ಮಹಡಿಯ ಬಾಡಿಗೆ ಕೋಣೆಯೊಂದರಲ್ಲಿ ಹಾಸನದ ಹುಡುಗನೊಬ್ಬ ರಾತ್ರಿ ಹನ್ನೊಂದಾದರೂ ಲ್ಯಾಪ್‌ಟಾಪ್ ಮುಚ್ಚಿರಲಿಲ್ಲ. ಗುರುಗ್ರಾಮದ ಕಂಪನಿಯಲ್ಲಿ ಅವನಿಗೆ ಮೂರು ತಿಂಗಳ ಪ್ರೊಬೇಶನ್. ಕೆಲಸ ಕೇಳುವುದಕ್ಕೆ ಸಣ್ಣದು: 'ಮರ' ಎಂದು ಹುಡುಕಿದವರಿಗೆ 'ಮರದಲ್ಲಿ', 'ಮರಕ್ಕೆ' ಇರುವ ಪುಟಗಳೂ ಸಿಗಬೇಕು. ಅದನ್ನು ಫೋಮಾದಲ್ಲಿ ಬರೆಯಬೇಕು.

ಪೈಥಾನ್‌ನಲ್ಲಿ ತೊಡಕು ಬಂದರೆ ಯಾರೋ ಬರೆದ ಉತ್ತರ ಹುಡುಕಿ ಅಂಟಿಸುವುದು ಅವನ ರೂಢಿ. ಫೋಮಾ ಹಾಗಲ್ಲ. ಪದಗಳ ರಚನೆಯನ್ನು ನಿಯಮಗಳಾಗಿ ಬರೆಯಲು ಮಾನ್ಸ್ ಹುಲ್ಡೆನ್ ರೂಪಿಸಿದ ಸಾಧನ ಅದು. ಬಳಸುವವರು ಕಡಿಮೆ, ಅಂಟಿಸಲು ಸಿಗುವುದು ಇನ್ನೂ ಕಡಿಮೆ.

ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ಪರಿಚಯವಾಗಿದ್ದ ಧಾರವಾಡದ ಅಕ್ಕನೊಬ್ಬಳು ಪಕ್ಕದ ಗಲ್ಲಿಯಲ್ಲೇ ಇದ್ದಳು. ಜೆಎನ್‌ಯುನಲ್ಲಿ ಭಾಷಾವಿಜ್ಞಾನ ಓದುತ್ತಿದ್ದವಳು.

"ಅಕ್ಕಾ, ಎಲ್ಲೂ ಉತ್ತರ ಸಿಗ್ತಿಲ್ಲ."

"ಹುಡುಕೂದು ಬಿಡು. ಐದು ಶಬ್ದ ತಗೋ. ಬರಬೇಕಾದ ರೂಪ ಮೊದಲು ಹಾಳಿ ಮ್ಯಾಲೆ ಬರಿ. ಆಮೇಲೆ ನಿಯಮ."

ಮೊದಲ ತೊಡಕು ಲಿಪಿಯದು. 'ಮರ'ದ ಕೊನೆಯ ಅಕಾರಕ್ಕೆ ಕನ್ನಡ ಬರಹದಲ್ಲಿ ಬೇರೆ ಚಿಹ್ನೆಯಿಲ್ಲ; ಕಂಪ್ಯೂಟರಿಗೆ ಅದು ಕಾಣುವುದೇ ಇಲ್ಲ. ಪದಗಳನ್ನು ರೋಮನ್ ಅಕ್ಷರಕ್ಕೆ ತಿರುಗಿಸಿದ. ಎರಡು ಸ್ವರಗಳ ನಡುವೆ 'ಯ' ಸೇರಿಸು ಎಂದ. 'ಮನೆಯಲ್ಲಿ' ಸರಿ ಬಂತು, 'ನದಿಯಲ್ಲಿ' ಸರಿ ಬಂತು, ಜೊತೆಗೆ 'ಮರಯಲ್ಲಿ'ಯೂ ಬಂತು. ಅಕಾರದ ನಂತರ 'ದ' ಸೇರಿಸುವ ನಿಯಮ ಬರೆದ. ಏನೂ ಬದಲಾಗಲಿಲ್ಲ: 'ಯ' ನಿಯಮ ಮೊದಲೇ ಓಡಿ ಜಾಗ ಹಿಡಿದಿತ್ತು. ಕ್ರಮ ತಿರುಗಿಸಿದ, 'ಮರದಲ್ಲಿ' ಬಂತು. ಖುಷಿಯಿಂದ ಐದನೆಯ ಪದ ಕೊಟ್ಟ. 'ಅಣ್ಣದಲ್ಲಿ'!

ಅಕ್ಕ ನಕ್ಕಳು. "ಮರ, ಅಣ್ಣ, ಎರಡಕ್ಕೂ ಕೊನೀಗೆ ಅಕಾರ. ಹಂಗಾದ್ರ ವ್ಯತ್ಯಾಸ ಎಲ್ಲೈತಿ?"

ವ್ಯತ್ಯಾಸ ಸದ್ದಿನಲ್ಲಿ ಇರಲಿಲ್ಲ, ಲಿಂಗದಲ್ಲಿತ್ತು. ಅದು ನಿಯಮದ ಪಾಲಿನದಲ್ಲ, ಪದಕೋಶದ ಪಾಲಿನದು. ಫೋಮಾದಲ್ಲಿ ಪದಕೋಶಕ್ಕೆ ಬೇರೆಯೇ ಕಡತ ಬರೆಯಬಹುದು; ಅಲ್ಲಿ 'ಮರ' ಒಂದು ಗುಂಪಿಗೆ, 'ಅಣ್ಣ' ಇನ್ನೊಂದಕ್ಕೆ ಹೋದವು. 13ನೇ ಶತಮಾನದ ಕೇಶಿರಾಜನೂ 'ಶಬ್ದಮಣಿದರ್ಪಣ'ದಲ್ಲಿ ಸಂಧಿಗೊಂದು, ನಾಮಕ್ಕೊಂದು ಪ್ರಕರಣ ಬೇರೆಬೇರೆಯಾಗಿ ಇಟ್ಟಿದ್ದಾನೆ. ಯಾವ ಸಂಗತಿ ಎಲ್ಲಿ ಸೇರಬೇಕು ಎಂಬ ಈ ವಿವೇಕವೇ ಇಂಥ ಭಾಷೆಗಳ ಕಸುಬು. ಆಜ್ಞೆಗಳನ್ನು ವಾರದಲ್ಲಿ ಬಾಯಿಪಾಠ ಮಾಡಬಹುದು. ವಿವೇಕ ಬರುವುದು 'ಅಣ್ಣದಲ್ಲಿ'ಯಂಥ ತಪ್ಪುಗಳಿಂದ.

ಮುಂದೆ ದಿನಕ್ಕೊಂದೇ ಸಣ್ಣ ಕೆಲಸ. ಬೀಸ್ಲಿ ಮತ್ತು ಕಾರ್ಟುನೆನ್ 2003ರಲ್ಲಿ ಪ್ರಕಟಿಸಿದ ಪುಸ್ತಕದ ಅಭ್ಯಾಸಗಳನ್ನು ಕೈಯಾರೆ ಮಾಡಿದ. ಸಂತೋಷ್ ತೋಟ್ಟಿಂಗಲ್ ಮಲಯಾಳಕ್ಕೆಂದು ಕಟ್ಟಿರುವ ಎಂಎಲ್‌ಮಾರ್ಫ್‌ನ ಮುಕ್ತ ಕೋಡ್ ಓದಿದ; ಅದು ಬೇರೆ ಸಾಧನದಲ್ಲಿದ್ದರೂ ಪದಗಳನ್ನು ವಿಂಗಡಿಸುವ ಬಗೆ ಕಲಿಸಿತು. ಒಂದು ನಿಯಮ ತಿದ್ದಿದಾಗಲೆಲ್ಲ ಹಳೆಯ ಪದಗಳನ್ನೆಲ್ಲ ಮತ್ತೆ ಓಡಿಸಿ, ಹಾಳೆಯ ಜೊತೆ ತಾಳೆ ನೋಡಿದ.

ಮೂರು ತಿಂಗಳು ಮುಗಿದಾಗ ಅವನ ಕೆಲಸ ನಾಮಪದಗಳನ್ನಷ್ಟೇ ದಾಟಿತ್ತು. ಕ್ರಿಯಾಪದ ಪೂರ್ತಿ ಬಾಕಿ. ಏನೇನು ಬಾಕಿ, ಏಕೆ ಬಾಕಿ ಎಂದು ಅವನು ಪಟ್ಟಿ ಮಾಡಿ ಕೊಟ್ಟ. ಪ್ರೊಬೇಶನ್ ಇನ್ನು ಮೂರು ತಿಂಗಳು ಮುಂದುವರಿಯಿತು.

ಅಂದು ರಾತ್ರಿ ಹೊಸ ಹಾಳೆಯ ಮೇಲೆ ಬರೆದ: ಬಾ, ಬಂದ, ಬರುವ, ಬಾರದ.